ಹೊಲಿದ ಬಡಿತ

ಟ್ರ್ಯಾಕ್‌ಬಾಲ್ ಬೆರಳಿಗೆ ತಣ್ಣಗೆ ಹತ್ತುತ್ತದೆ, ಈ ಕೋಣೆಯ ಏಸಿ ಇರುವುದು ಮಷಿನ್‌ಗಾಗಿ, ಮನುಷ್ಯರಿಗಾಗಿ ಅಲ್ಲ, ಹೊರಗೆ ಮುಂಬಯಿಯ ಮೇ ತಿಂಗಳು ಬೇಯುತ್ತಿದ್ದರೂ ಡಾಕ್ಟರ್ ಪಂಕಜಾ ಸ್ವೆಟರ್ ಹಾಕಿಕೊಂಡೇ ಕೂತಿದ್ದಾಳೆ, ಗುಂಡನ್ನು ಕೂದಲೆಳೆಯಷ್ಟು ಹೊರಳಿಸುತ್ತಾಳೆ, ಪರದೆಯ ಮೇಲೆ ಚುಕ್ಕಿಗೆರೆ ಕೂದಲೆಳೆಯಷ್ಟೇ ಸರಿಯುತ್ತದೆ, ಬಿಳಿ ಅಂದರೆ ರಕ್ತ, ಬೂದಿಬಣ್ಣ ಅಂದರೆ ಮಾಂಸ, ಎರಡರ ನಡುವೆ ಗೆರೆ ಎಳೆ, ಮುಂದಿನ ಪದರಕ್ಕೆ ಹೋಗು, ಮತ್ತೆ ಎಳೆ — ಅಲ್ಲಿ ಏನಮ್ಮ ನಿನ್ನ ಕೆಲಸ ಅಂತ ಅಪ್ಪ ಕೇಳುತ್ತಾರೆ, ಫೋರ್ಟಿನ ಬ್ಯಾಂಕಿನಿಂದ ಕಾಂದಿವಲಿಯ ಮನೆಗೆ ಬಂದು ಶೂ ಬಿಚ್ಚುತ್ತಾ, ಗೆರೆ ಎಳೀತೀನಿ ಅಪ್ಪ, ಅದಕ್ಕೆ ಎಂ.ಡಿ. ಬೇಕಿತ್ತಾ, ಬೇಕಿತ್ತು. ಎಡ ಹೃದಯವಾದರೆ ಯಾರು ಬೇಕಾದರೂ ಎಳೆದಾರು, ದುಂಡಗೆ ಬಳೆಯ ಹಾಗೆ ಕೂತಿರುತ್ತದೆ, ಬಲ ಹೃದಯ ಹಾಗಲ್ಲ, ಎಡದ ಮೈಗೆ ಒರಗಿಕೊಂಡು ಬಾಗಿದ ಚೀಲ, ಎದೆಮೂಳೆಯ ಹಿಂದೆ ಅವಿತದ್ದು, ಎಕೋ ಮಾಡುವವರಿಗೆ ಅರ್ಧ ಸಿಗುತ್ತದೆ, ಅರ್ಧ ಜಾರಿಕೊಳ್ಳುತ್ತದೆ, ಅದಕ್ಕೇ ಈ ಎಂ.ಆರ್.ಐ., ಈ ಆಯಸ್ಕಾಂತದ ಸುರಂಗ, ಎದೆಯನ್ನು ಬ್ರೆಡ್ಡಿನ ಹಾಗೆ ಪದರ ಪದರವಾಗಿ ನೋಡುವುದು, ಪ್ರತಿ ಪದರದ ಬಿಳಿಯನ್ನು ಅಳೆದು ಕೂಡಿಸುವುದು, ತುಂಬಿದಾಗ ಎಷ್ಟು, ಹಿಂಡಿದಾಗ ಎಷ್ಟು ಉಳಿಯಿತು, ನೂರಕ್ಕೆ ಎಷ್ಟು ಭಾಗ ಹೊರಗೆ ಹೋಯಿತು. ನಲವತ್ತು ಇದ್ದರೆ ಮುಟ್ಟುತ್ತೇನೆ, ಕೆಳಗಿದ್ದರೆ ಮುಟ್ಟುವುದಿಲ್ಲ ಎಂದಿದ್ದಾರೆ ಸರ್ಜನ್, ಸಂಜೆ ಫೋನ್ ಮಾಡುತ್ತಾರೆ, ಅಷ್ಟರೊಳಗೆ ಒಂದು ನಂಬರ್ ಬೇಕು, ಪೇಶಂಟ್ ನಾಗವ್ವನ ಹೃದಯದ ಮೇಲಿನ ಎರಡು ಕೋಣೆಗಳ ನಡುವೆ ಹುಟ್ಟಿನಿಂದ ಇರುವ ತೂತು ಮುಚ್ಚುತ್ತಾರೋ ಇಲ್ಲವೋ ಆ ನಂಬರ್ ಹೇಳುತ್ತದೆ, ಮತ್ತು ಆ ನಂಬರ್ ಮಧ್ಯಾಹ್ನ ಒಮ್ಮೆ ಬಂದಿತ್ತು, ನಲವತ್ಮೂರು, ಪಂಕಜಾ ಅದನ್ನು ಹೇಳಿ ಊಟಕ್ಕೆ ಹೋಗಬಹುದಿತ್ತು, ಹೋಗಲಿಲ್ಲ, ಈಗ ಹೊಸದಾಗಿ ತೆಗೆದ ಚಿತ್ರದಲ್ಲಿ ಎರಡನೇ ಸಲ ಅದೇ ಎದೆಯ ಗೆರೆ ಎಳೆಯುತ್ತಿದ್ದಾಳೆ, ಎರಡನೇ ಪದರ, ಬಿಳಿ ತುಂಬುತ್ತದೆ, ಅರೆಬರೆ ಕುಗ್ಗುತ್ತದೆ, ತುಂಬುತ್ತದೆ. ಮೊದಲನೆಯ ಸಲದ ಆರನೇ ಪದರ ಹೀಗಿರಲಿಲ್ಲ, ಅದು ಮುಚ್ಚಿತ್ತು, ಮುಷ್ಟಿ ಕಟ್ಟಿದ ಹಾಗೆ ಮುಚ್ಚಿತ್ತು, ಬಿಳಿ ಒಂದು ದಾರದಷ್ಟು ಸಣ್ಣಗಾಗಿತ್ತು, ಅದನ್ನು ನೆನೆಯಬಾರದು, ಗೆರೆ ಎಳೆ.

ಬೆಳಗ್ಗೆ ಬಂದಾಗ ನಾಗವ್ವ ಮೆಟ್ಟಿಲಿನ ಮೇಲೆ ಕೂತುಬಿಟ್ಟಿದ್ದಳು, ಎಂಟೇ ಮೆಟ್ಟಿಲು ಇರಬಹುದು ಅವು, ಗಂಡ ಶೆಟ್ಟೆಪ್ಪ ಫೈಲನ್ನೇ ಬೀಸಣಿಗೆ ಮಾಡಿ ಗಾಳಿ ಹಾಕುತ್ತಿದ್ದ, ಮೂವತ್ತೂ ದಾಟಿಲ್ಲದ ಹೆಂಗಸು, ವಿಜಾಪುರದ ಕಡೆಯವಳು, ದಹಿಸರ್‌ನಲ್ಲಿ ಜೋಳದ ರೊಟ್ಟಿ ಬಡಿದು ಕಟ್ಟಡದ ಕೆಲಸದವರಿಗೆ ಮಾರುತ್ತಾಳೆ, ಈಗೀಗ ನಾಲ್ಕು ರೊಟ್ಟಿಗೆ ಒಂದು ಸಲ ಗೋಡೆಗೆ ಒರಗುತ್ತಾಳೆ, ಸ್ಟೇಷನ್ನಿನ ಸೇತುವೆಯ ಮಧ್ಯದಲ್ಲಿ ಕಂಬಿ ಹಿಡಿದು ನಿಂತರೆ ಹಿಂದಿನವರು ಬಾಯಿಗೆ ಬಂದಂತೆ ಬೈಯುತ್ತಾರೆ, ಏ ಬಾಯೀ ಚಲ್ ನಾ, ಅದನ್ನು ಅವಳೇ ಹೇಳಿದ್ದು, ನಗುತ್ತಾ, ಆಪರೇಶನ್ ಆತಂದ್ರ ನಾ ಸೇತುವಿ ಮ್ಯಾಲೆ ಅವರನ್ನ ದೂಡಿಕೋತ ಹೋಗ್ತೀನ್ರಿ. ಕನ್ನಡ ಬಲ್ಲ ಡಾಕ್ಟರ್ ಇದ್ದಾರೆ ಅಂತ ಯಾರೋ ಹೇಳಿದ್ದರಂತೆ, ಆ ಡಾಕ್ಟರ್ ತಾನೇ, ಮೈಸೂರಿನ ಮನೆಯ ಕನ್ನಡ, ಅದೂ ಮುಂಬಯಿಯಲ್ಲಿ ಬೆಳೆದು ಅರ್ಧ ಮರೆತ ಕನ್ನಡ, ನಾಗವ್ವನ ಮಾತಿನ ಮುಂದೆ ಅದು ಶಾಲೆಯ ಪಾಠ ಓದಿದ ಹಾಗೆ ಕೇಳಿಸುತ್ತದೆ. ಲೋಹ ಯಾವುದೂ ಒಳಗೆ ಬರಬಾರದು, ಎದೆಯ ಮೇಲಂತೂ ಖಂಡಿತ ಬರಬಾರದು, ಚಿತ್ರ ಅಲ್ಲಿ ಕಪ್ಪಾಗುತ್ತದೆ, ಇದನ್ನು ಹೇಳುವಾಗ ಪಂಕಜಾ ಜಗಳಕ್ಕೆ ಸಿದ್ಧಳಾಗಿದ್ದಳು, ತಾಳಿ ಬಿಚ್ಚಿ ಅಂದರೆ ಎಷ್ಟು ಹೆಂಗಸರು ಅತ್ತಿದ್ದಾರೆ, ಅತ್ತೆಯಂದಿರು ಶಾಪ ಹಾಕಿದ್ದಾರೆ, ನಾಗವ್ವ ಮಾತ್ರ ಒಂದೇ ಸಲಕ್ಕೆ ತಾಳಿ ತೆಗೆದು ಗಂಡನ ಕೈಗೆ ಹಾಕಿದಳು, ಕಾಲುಂಗುರಕ್ಕೆ ಸೋಪು ಹಚ್ಚಿ ಎಳೆದಳು, ಮೂಗುತಿ, ಬಳೆ, ಎಲ್ಲ, ಕಡೆಗೆ ಕೊರಳಲ್ಲಿ ದಾರಕ್ಕೆ ಕಟ್ಟಿದ ಬೆಳ್ಳಿಯ ಕರಡಿಗೆ ಉಳಿಯಿತು, ಕೋಳಿಮೊಟ್ಟೆಯಷ್ಟು ದೊಡ್ಡದು, ಸರಿಯಾಗಿ ಹೃದಯದ ಮೇಲೆ, ಅದನ್ನು ಅಂಗೈಯಿಂದ ಮುಚ್ಚಿಕೊಂಡಳು. ಇದನ್ನ ಬಿಟ್ಟಿರಾಕ ಬರಂಗಿಲ್ರಿ. ಒಂದು ಗಂಟೆ ಅಷ್ಟೇ ನಾಗವ್ವ, ನಿಮ್ಮ ಯಜಮಾನರ ಹತ್ರ ಇರತ್ತೆ. ಅವರದು ಅವರಿಗೆ, ನನ್ನದು ನನಗರಿ. ತಾಳಿ ಕೊಟ್ರಲ್ಲ. ತಾಳಿ ಹೋದ್ರ ಇಂವ ಇನ್ನೊಂದು ಕಟ್ಟತಾನರಿ, ಕಟ್ಟಲಿಲ್ಲಂದ್ರ ರೊಟ್ಟಿ ಯಾರ್ ಹಾಕ್ತಾರ, ಇದು ಹಾಂಗಲ್ರಿ, ಲಿಂಗ ಮೈ ಬಿಡೂದಂದ್ರ ಉಸರು ಬಿಟ್ಟಂಗ. ಶೆಟ್ಟೆಪ್ಪ ನಕ್ಕ, ಆಕಿ ನನ್ನ ಮಾತ ಕೇಳಂಗಿಲ್ರಿ ಡಾಕ್ಟರಬಾಯಿ, ನೀವರ ಹೇಳ್ರಿ, ನೀವು ಸುಮ್ಕಿರ್ರಿ ಅಂದಳು ಅವಳು, ಅಲ್ಲಿಗೆ ಅವನ ಪಾತ್ರ ಮುಗಿಯಿತು. ಆಗ ಪಂಕಜಾಗೆ ಹೊಳೆದದ್ದು ತುಂಬಾ ಬುದ್ಧಿವಂತಿಕೆಯ ಮಾತು ಅನ್ನಿಸಿತ್ತು, ಬೆಳ್ಳಿ ಬೇಡ, ಒಳಗಿರುವುದು ಕಲ್ಲು ತಾನೇ, ಕಲ್ಲಿಗೆ ತೊಂದರೆ ಇಲ್ಲ, ಅದನ್ನು ತೆಗೆದು ಎಡಗೈಯಲ್ಲಿ ಇಟ್ಟುಕೊಳ್ಳಿ, ಕೈ ಪಕ್ಕದಲ್ಲಿರಲಿ, ಆಯ್ತಾ. ನಾಗವ್ವ ಅವಳ ಮುಖವನ್ನೇ ನೋಡಿದ್ದಳು, ಅಂಗೈಯಾಗ ಇಟ್ಟು ಮಲಗೂದೇನ್ರಿ, ಹೂಂ, ಮಲಗೋದು, ಅಲುಗಾಡಬಾರದು. ಆಮೇಲೆ ಆಗಲಿ ಎಂದಳು. ಅಲ್ಲೇ ಕೇಳಬೇಕಿತ್ತು, ಯಾಕೆ ಹಾಗೆ ನೋಡಿದಿರಿ ಎಂದು, ಕೇಳಲಿಲ್ಲ, ಕಾಂದಿವಲಿಯ ಮನೆಯಲ್ಲಿ ದೇವರು ಗೂಡಿನಲ್ಲಿರುತ್ತಾನೆ, ಅಮ್ಮ ಸ್ನಾನ ಮಾಡಿ ಅವನ ಹತ್ತಿರ ಹೋಗುತ್ತಾಳೆ, ದೀಪ ಹಚ್ಚುತ್ತಾಳೆ, ಬಂದು ಕುಕ್ಕರ್ ಇಡುತ್ತಾಳೆ, ದೇವರು ಅಲ್ಲೇ ಇರುತ್ತಾನೆ, ಅಮ್ಮ ಇಲ್ಲಿರುತ್ತಾಳೆ, ಕೈಯಲ್ಲಿ ಹಿಡಿದುಕೊಳ್ಳುವುದು ಅಂದರೆ ಪರ್ಸ್ ಹಿಡಿದುಕೊಂಡ ಹಾಗೆ ಅಂತ ತಿಳಿದಿದ್ದಳು ಪಂಕಜಾ, ಅಂಗೈಗೆ ಬಂದದ್ದೇ ಪೂಜೆ ಅನ್ನುವುದು ಗೊತ್ತಿರಲಿಲ್ಲ, ಕನ್ನಡ ಗೊತ್ತಿತ್ತು, ಇದು ಗೊತ್ತಿರಲಿಲ್ಲ.

ಮೂರನೇ ಪದರ, ಗೆರೆಯ ತುದಿ ಗೆರೆಯ ಬುಡಕ್ಕೆ ಸೇರಬೇಕು, ಸೇರಿತು. ಬೆಳಗ್ಗೆ ಮೊದಲ ಸಲ ಮಷಿನ್ ಬಡಿಯತೊಡಗಿದಾಗ ನಾಗವ್ವ ಬೆಚ್ಚಿದ್ದಳು, ಎಲ್ಲರೂ ಬೆಚ್ಚುತ್ತಾರೆ, ಹತ್ತು ಜನ ಡಬ್ಬಿ ಬಡಿದ ಹಾಗೆ ಸದ್ದು, ಒಂದು ಪದರಕ್ಕೆ ಐದು ನಿಮಿಷ, ಯಾಕೆಂದರೆ ಒಂದು ಬಡಿತದ ಚಿತ್ರ ಒಂದು ಬಡಿತದಲ್ಲಿ ಸಿಗುವುದಿಲ್ಲ, ಎದೆಗೆ ಅಂಟಿಸಿದ ತಂತಿ ಪ್ರತಿ ಬಡಿತಕ್ಕೂ ಮಷಿನ್‌ಗೆ ಸನ್ನೆ ಕೊಡುತ್ತದೆ, ಮಷಿನ್ ಪ್ರತಿ ಬಡಿತದಿಂದ ಒಂದೊಂದು ಚೂರು ಕತ್ತರಿಸಿಕೊಳ್ಳುತ್ತದೆ, ನೂರಾರು ಬಡಿತಗಳ ಚೂರುಗಳನ್ನು ಹೊಲಿದು ಒಂದು ಬಡಿತ ಮಾಡುತ್ತದೆ, ಪರದೆಯ ಮೇಲೆ ಮತ್ತೆ ಮತ್ತೆ ಬಡಿಯುವ ಈ ಹೃದಯ ಎಂದೂ ಹಾಗೆ ಬಡಿದಿಲ್ಲ, ಇದು ತೇಪೆಯ ಬಡಿತ, ಎಲ್ಲ ಬಡಿತಗಳೂ ಒಂದೇ ತರಹ ಇದ್ದರೆ ತೇಪೆ ಕಾಣುವುದಿಲ್ಲ, ಅಷ್ಟೇ ನಂಬಿಕೆ. ಮಷಿನ್ ನಡೆಸುವ ಕೊರಗ ಪಕ್ಕದ ಸ್ಟೂಲಿನಲ್ಲಿ ಕೂತು ಬಡಿತದ ಲೆಕ್ಕ ನೋಡುತ್ತಿದ್ದ, ಮಂಗಳೂರು ಕಡೆಯವನು, ಎಲ್ಲದಕ್ಕೂ ಒಂದು ಮಾತು ಇರುತ್ತದೆ ಅವನಲ್ಲಿ, ನೂರರ ಹತ್ತಿರ ಓಡ್ತಾ ಉಂಟು ಡಾಕ್ಟ್ರೇ, ವಿರಾರ್ ಫಾಸ್ಟ್ ಟ್ರೈನೇ, ಅಂದ, ಆಮೇಲೆ ಐದು ಪದರ ಮುಗಿದ ಹೊತ್ತಿಗೆ, ಅರೆ ನಿದ್ರೆ ಬಂತೋ ಏನೋ ಮಾರಾಯ್ರೆ, ಎಪ್ಪತ್ತಕ್ಕೆ ಇಳೀತು, ಒಳ್ಳೇದೇ ಆಯ್ತಲ್ಲ. ಒಳ್ಳೆಯದೇ ಆಯಿತು ಎಂದು ಪಂಕಜಾಳೂ ಅಂದಳು, ಚಿತ್ರ ಸ್ವಚ್ಛವಾಗಿ ಬರತೊಡಗಿತ್ತು, ಅಂಚು ಚಾಕುವಿನಿಂದ ಕೊಯ್ದ ಹಾಗೆ, ಯಾರಿಗೆ ಬೇಡ, ಆರನೇ ಪದರ ಮೊದಲ ಸಲ ಪರದೆಯ ಮೇಲೆ ಬಂದಾಗ ಅವಳು ಕುರ್ಚಿಯಲ್ಲಿ ಮುಂದೆ ಬಾಗಿದ್ದಳು, ಬಿಳಿ ತುಂಬಿತು, ನಿಧಾನವಾಗಿ ತುಂಬಿತು, ಆಮೇಲೆ ಸುತ್ತಲಿನ ಬೂದಿ ಒಟ್ಟಾಗಿ ಒಳಗೆ ಬಂತು, ಬಿಳಿ ದಾರದಷ್ಟಾಯಿತು. ನಲವತ್ಮೂರು. ಕೊರಗ ಕಾಫಿ ತರಿಸಿದ. ಕಾಫಿ ಕುಡಿಯುತ್ತಾ ಸುಮ್ಮನೆ, ಬೇರೆ ಏನೂ ಕಾರಣವಿಲ್ಲದೆ, ಅವಳು ಐದನ್ನೂ ಆರನ್ನೂ ಪಕ್ಕಪಕ್ಕ ಹಾಕಿದಳು, ಐದು ಅರೆಬರೆ ಕುಗ್ಗಿ ಬಿಟ್ಟುಬಿಡುತ್ತದೆ, ಆರು ಮುಚ್ಚುತ್ತದೆ, ಬುಡದ ಕಡೆ, ಹೃದಯದ ಬುಡ ಇರುವುದು ಮೇಲ್ಗಡೆ, ಸ್ವಲ್ಪ ಹೆಚ್ಚು ಹಿಂಡುವುದು ಉಂಟು, ಆದರೆ ಇಷ್ಟಲ್ಲ, ಹೀಗೆ ಒಂದು ಬೆರಳಿನ ಅಂತರದಲ್ಲಿ ಅಲ್ಲ, ಯಾರೋ ಎರಡು ಹೆಂಗಸರ ಹೃದಯವನ್ನು ನಡುವಿಗೆ ಕತ್ತರಿಸಿ ಒಂದರ ಕೆಳಗನ್ನು ಇನ್ನೊಂದರ ಮೇಲಕ್ಕೆ ಹೊಲಿದ ಹಾಗೆ. ಕಾಫಿ ಆರಿತು. ಹೊರಗೆ ಹೋಗಿ ಕೇಳಿದಳು, ನಾಗವ್ವ, ಮಧ್ಯದಲ್ಲಿ ನಿದ್ದೆ ಬಂತಾ. ಇಲ್ರೀ, ಅಷ್ಟು ಸಪ್ಪಳದಾಗ ನಿದ್ದಿ ಬರತೈತೇನ್ರಿ. ಮತ್ತೆ. ಮೊದಲ ಅಂಜಿಕಿ ಇತ್ರಿ, ಕೈ ನಡಗಾಕ ಹತ್ತಿತ್ತು, ಲಿಂಗ ಜಾರಿ ನೆಲಕ್ಕ ಬಿದ್ದರ ಏನ್ ಮಾಡ್ಲಿ ಅಂತ, ಆಮ್ಯಾಲೆ ಅಂದ್ನಿ, ಅಂಗೈಯಾಗ ಬಂದೈತಿ, ಇನ್ನೇನೈತಿ, ದಿನಾ ಕುಂತು ಮಾಡ್ತೀನಿ, ಇವತ್ತ ಮಲಗಿ ಮಾಡೂಣು, ಪೂಜಿ ಮಾಡಿಕೊಂಡ್ನಿರಿ. ಕಾಣೋದಿಲ್ವಲ್ಲ ಅಲ್ಲಿ, ಕೈ ಕೆಳಗಿರತ್ತೆ. ಕಣ್ಣ ಮುಚ್ಚಿದ್ರ ಕಾಣತೈತ್ರಿ ಬಾಯಿ. ಶೆಟ್ಟೆಪ್ಪ ಎದ್ದು ನಿಂತಿದ್ದ, ಪಾಸ್ ಆದಳೇನ್ರಿ.

ಪಾಸ್ ಆಗಿದ್ದಳು, ಅದೇ ತೊಂದರೆ, ನಾಲ್ಕನೇ ಪದರ, ಗೆರೆ ಎಲ್ಲಿ ಬಿಟ್ಟೆ, ಇಲ್ಲಿ, ಕೆಳಗಿನ ಐದು ಪದರ ಹೆದರಿದ ಹೃದಯದ್ದು, ಮೇಲಿನ ಐದು ಪೂಜೆಗೆ ಕೂತ ಹೃದಯದ್ದು, ಹೆದರಿದ್ದು ತುಂಬುವ ಮೊದಲೇ ಹಿಂಡುತ್ತದೆ, ಹಿಂಡಿ ಮುಗಿಸುವ ಮೊದಲೇ ಬಿಡುತ್ತದೆ, ಇನ್ನೊಂದು ತುಂಬುವ ತನಕ ಕಾಯುತ್ತದೆ, ಎರಡನ್ನೂ ಕೂಡಿಸಿ ನಲವತ್ಮೂರು, ಹಾಗೊಂದು ಹೃದಯ ಯಾವ ಎದೆಯಲ್ಲೂ ಇಲ್ಲ. ಹೇಳದೆ ಇರಬಹುದಿತ್ತು, ಯಾರು ಕೇಳುತ್ತಿದ್ದರು, ಐದು ಮತ್ತು ಆರನ್ನು ಯಾರು ಪಕ್ಕಪಕ್ಕ ಹಾಕಿ ನೋಡುತ್ತಾರೆ, ಸರ್ಜನ್‌ಗೆ ನಂಬರ್ ಬೇಕು, ನಂಬರ್ ಕೊಟ್ಟರೆ ಹೊಲಿಯುತ್ತಾರೆ, ಹೊಲಿದ ಮೇಲೆ ಬಲ ಹೃದಯ ಏಳಲಿಲ್ಲ ಅಂದರೆ ಮೇಜಿನ ಮೇಲೇ ಮುಗಿಯುತ್ತದೆ, ಅಂಥದ್ದನ್ನು ನೋಡಿದ್ದಾಳೆ ಪಂಕಜಾ, ಇಂಟರ್ನ್ ಆಗಿದ್ದಾಗ, ತೆರೆದ ಎದೆಯಲ್ಲಿ ಬಲಗಡೆ ಬಲೂನಿನ ಹಾಗೆ ಉಬ್ಬಿ ನಿಂತು ಅಲುಗದೇ ಹೋಗಿತ್ತು, ಸರ್ಜನ್ ಅದನ್ನು ಕೈಯಲ್ಲಿ ಒತ್ತುತ್ತಿದ್ದರು, ಅನೆಸ್ತೀಷಿಯಾದವರು ಗಡಿಯಾರ ನೋಡಿದರು. ಹೊಲಿಯದೆ ಬಿಟ್ಟರೆ ಇವಳು ಇವತ್ತು ಸಾಯುವುದಿಲ್ಲ, ಮುಂದಿನ ವರ್ಷವೂ ಸಾಯಲಿಕ್ಕಿಲ್ಲ, ರೊಟ್ಟಿ ನಾಲ್ಕರಿಂದ ಮೂರಾಗುತ್ತದೆ, ಎರಡಾಗುತ್ತದೆ, ಕಾಲು ಊದಿಕೊಳ್ಳುತ್ತದೆ, ತುಟಿ ನೀಲಿ ತಿರುಗುತ್ತದೆ, ಸೇತುವೆ ಇರಲಿ ಬಚ್ಚಲಿಗೆ ಹೋಗಲೂ ಶೆಟ್ಟೆಪ್ಪ ಬೇಕಾಗುತ್ತಾನೆ. ಎರಡರಲ್ಲಿ ಯಾವುದು ಎಂದು ಹೇಳಬೇಕಾದರೆ ಒಂದೇ ಹೃದಯವನ್ನು ಅಳೆಯಬೇಕು, ಇಡೀ ಹೃದಯ, ಅಷ್ಟೇ, ಮುಂದಿನ ಪೇಶಂಟ್ ಅಂಧೇರಿಯಲ್ಲಿ ಸಿಕ್ಕಿಕೊಂಡಿದ್ದಾನೆ, ಓವರ್‌ಹೆಡ್ ವೈರ್ ಕಡಿದು ಲೋಕಲ್ ನಿಂತಿದೆಯಂತೆ, ಮಷಿನ್ ಖಾಲಿ ಇದೆ, ಇನ್ನೊಮ್ಮೆ ಹಾಕೋಣ ಕೊರಗ, ಎಂದಿದ್ದಳು. ಎಂತಕ್ಕೆ ಡಾಕ್ಟ್ರೇ, ಚಂದ ಬಂದಿದೆಯಲ್ಲ. ಚಂದ ಬಂದಿದೆ ಅದಕ್ಕೇ. ನಾಗವ್ವನಿಗೆ ಅವಳೇ ಹೇಳಿದಳು, ಪಕ್ಕದಲ್ಲಿ ಕೂತು, ತನಗೆ ಬರುವ ಕನ್ನಡದಲ್ಲಿ, ನೀವು ಪೂಜೆ ಮಾಡ್ಕೊಂಡಾಗ ಹೃದಯ ಚೆನ್ನಾಗಿ ಕೆಲಸ ಮಾಡತ್ತೆ, ಅದು ನಮಗೆ ಕಾಣಿಸ್ತು, ಈ ಸಲ ಮೊದಲಿಂದಾನೇ ಪೂಜೆ ಮಾಡ್ಕೊಳ್ಳಿ, ಕೊನೇವರೆಗೂ. ಎಷ್ಟು ದೊಡ್ಡ ತಪ್ಪು ಮಾಡುತ್ತಿದ್ದೇನೆ ಎಂದು ಹೇಳುವಾಗಲೇ ಗೊತ್ತಾಯಿತು, ನಾಗವ್ವನ ಮುಖ ಮುಚ್ಚಿಕೊಂಡಿತು, ಸಿಟ್ಟಲ್ಲ, ಬಟ್ಟೆ ಬದಲಿಸುವಾಗ ಯಾರೋ ಬಾಗಿಲು ತೆರೆದರೆ ಬರುವಂಥ ಮುಖ, ನೀವು ಅದನ್ನೂ ನೋಡಿದ್ರೇನ್ರಿ. ಹೃದಯ ನೋಡಿದ್ದು ನಾಗವ್ವ, ಪೂಜೆ ಅಲ್ಲ. ಆಗಲಿ ಬಿಡ್ರಿ, ಮಾಡ್ತೀನಿ, ಹೇಳಿಸಿಕೊಂಡು ಮಾಡಾಕ ಬರತೈತೋ ಇಲ್ಲೋ ನೋಡೂಣು. ಒಳಗೆ ಹೋದಳು, ಅಂಗೈ ಮೇಲಕ್ಕೆ ಮಾಡಿ ಮಲಗಿದಳು, ಕಪ್ಪು ಲಿಂಗ ಅಂಗೈಯಲ್ಲಿ, ಮಷಿನ್ ಬಡಿಯಿತು, ಕೊರಗ ಲೆಕ್ಕ ಹೇಳಿದ, ನೂರು, ನೂರಾ ಮೂರು, ಪಂಕಜಾ ಕಾದಳು, ಐದು ಪದರ ಆಯಿತು, ನೂರಾ ಒಂದು, ಮೈಕಿನಲ್ಲಿ ಹೇಳಿದಳು, ಅವಸರ ಇಲ್ಲ, ನಿಧಾನ, ಯಾರೂ ನೋಡ್ತಾ ಇಲ್ಲ ಅನ್ಕೊಳ್ಳಿ, ನೂರಾ ಆರು. ಮುಗಿಸಿ ಹೊರಗೆ ಎಳೆದಾಗ ನಾಗವ್ವ ಕೈ ಮುಷ್ಟಿ ಮಾಡಿಕೊಂಡೇ ಎದ್ದು ಕೂತಳು, ಬೆವರಿದ್ದಳು, ಈ ತಣ್ಣಗಿನ ಕೋಣೆಯಲ್ಲಿ ಬೆವರಿದ್ದಳು, ಆಗಲಿಲ್ರಿ ಬಾಯಿ, ಒಳಗ ಹೋದಕೂಡಲೇ ನೀವು ಕಾಜಿನ ಆಚಿಂದ ನೋಡಾಕ ಹತ್ತೀರಿ ಅನ್ನೂದ ಬರತೈತಿ, ಲಿಂಗಾನ ಕಾಣಸವಲ್ದು.

ಒಂಬತ್ತನೇ ಪದರ, ಎಲ್ಲವೂ ಒಂದೇ ತರಹ ಇದ್ದಾವೆ ಈ ಸಲ, ತೇಪೆ ಎಲ್ಲೂ ಕಾಣುವುದಿಲ್ಲ, ಒಂದೇ ಹೃದಯ, ಆರನೆಯದೂ ಐದನೆಯದರ ಹಾಗೇ, ಬಿಳಿ ತುಂಬುತ್ತದೆ, ಅರೆಬರೆ ಕುಗ್ಗುತ್ತದೆ, ಬಿಟ್ಟುಬಿಡುತ್ತದೆ, ಒಳ್ಳೆಯ ಸ್ಕ್ಯಾನ್, ಪುಸ್ತಕದಲ್ಲಿ ಹಾಕಬಹುದು. ಹತ್ತನೆಯದು ಬುಡದ ಪದರ, ಇಲ್ಲಿ ಕೆಳಗಿನ ಕೋಣೆ ಎಲ್ಲಿ ಮುಗಿಯುತ್ತದೆ, ಮೇಲಿನ ಕೋಣೆ ಎಲ್ಲಿ ಶುರುವಾಗುತ್ತದೆ ಅನ್ನುವುದು ನೋಡುವವರ ಕಣ್ಣಿಗೆ ಬಿಟ್ಟದ್ದು, ಕವಾಟದ ತೆಳು ಎಳೆ ಒಂದು ಚೌಕಟ್ಟಿನಲ್ಲಿ ಇರುತ್ತದೆ, ಮುಂದಿನದರಲ್ಲಿ ಇರುವುದಿಲ್ಲ, ಹಿಂಡಿದಾಗಿನ ಚಿತ್ರದಲ್ಲಿ ಈ ಬಿಳಿಯನ್ನು ಮೇಲಿನ ಕೋಣೆಗೆ ಕೊಟ್ಟುಬಿಟ್ಟರೆ ಉಳಿದದ್ದು ಕಡಿಮೆಯಾಗುತ್ತದೆ, ನಂಬರ್ ಏರುತ್ತದೆ, ಮೂರು, ನಾಲ್ಕು, ಇನ್ನೂ ಒಂದೆರಡು ಪದರದಲ್ಲಿ ಗೆರೆಯನ್ನು ಒಳಕ್ಕೆ ಒರಗಿಸಿದರೆ ನಲವತ್ತು ಮುಟ್ಟಬಹುದು, ಯಾರೂ ಇದನ್ನು ಸುಳ್ಳು ಅನ್ನಲಾರರು, ಕಾನ್ಫರೆನ್ಸಿನಲ್ಲಿ ಇಂಥ ಗೆರೆಗಳ ಮೇಲೆ ದೊಡ್ಡವರೇ ಜಗಳವಾಡುತ್ತಾರೆ. ಗುಂಡಿನ ಮೇಲೆ ಬೆರಳು ನಿಂತಿದೆ. ಒಂದು ಕೂದಲೆಳೆ. ಒಳಕ್ಕೆ. ಕವಾಟದ ಎಳೆ ಎಲ್ಲಿದೆ, ಅಲ್ಲಿದೆ, ಸ್ಪಷ್ಟವಾಗಿ ಇದೆ ದರಿದ್ರದ್ದು, ಇಲ್ಲದಿದ್ದರೆ ಚೆನ್ನಾಗಿತ್ತು, ಅವಳು ಗೆರೆಯನ್ನು ಅದರ ಮೇಲೆ ಎಳೆಯುತ್ತಾಳೆ, ಸುತ್ತು ಮುಗಿಸುತ್ತಾಳೆ, ಗುಂಡಿ ಒತ್ತುತ್ತಾಳೆ, ಮೂವತ್ನಾಲ್ಕು. ಫೋನ್ ಅದೇ ಹೊತ್ತಿಗೆ ಹೊಡೆಯುವುದಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಹೊಡೆಯುತ್ತದೆ, ಆ ಸ್ವಲ್ಪ ಹೊತ್ತು ಅವಳು ಕೈ ಉಜ್ಜಿಕೊಳ್ಳುತ್ತಾ ಕೂತಿರುತ್ತಾಳೆ. ಹೇಳಿ ಪಂಕಜಾ, ದಹಿಸರ್‌ನ ಆ ಹೆಂಗಸು, ಎಷ್ಟು. ಸರ್, ಎರಡು ಸ್ಟಡಿ ಇದೆ. ಎರಡು ಯಾಕೆ. ಅವಳು ಹೇಳುತ್ತಾಳೆ, ಬಡಿತ ಇಳಿದದ್ದು, ಮೇಲಿನ ಪದರಗಳು ಮುಚ್ಚಿದ್ದು, ಶಾಂತವಾಗಿದ್ದಾಗ ಆ ಹೃದಯಕ್ಕೆ ಸಾಧ್ಯ ಇದೆ ಸರ್, ನಾನು ನೋಡಿದ್ದೀನಿ, ಲಿಂಗದ ವಿಷಯ ಹೇಳುವುದಿಲ್ಲ, ಅದು ತಾನು ಹೇಳುವಂಥದ್ದಲ್ಲ, ಆ ತುದಿಯಲ್ಲಿ ಸರ್ಜನ್ ಕೇಳಿಸಿಕೊಳ್ಳುತ್ತಾರೆ, ಕೆಟ್ಟ ಮನುಷ್ಯನಲ್ಲ, ಆತುರದವರೂ ಅಲ್ಲ, ಆಮೇಲೆ ಕೇಳುತ್ತಾರೆ, ನನ್ನ ಮೇಜಿನ ಮೇಲೆ ಯಾವ ಹೃದಯ ಬರುತ್ತದೆ, ಪಂಕಜಾ. ಅವಳ ಬಾಯಿಗೆ ಆರನೇ ಪದರ ಬರುತ್ತದೆ, ಬಿಳಿ ದಾರದಷ್ಟಾದದ್ದು. ಔಷಧಿ ಕೊಟ್ಟು ಆರು ತಿಂಗಳು ನೋಡಿ ಮತ್ತೆ ಮಾಡೋಣ ಸರ್. ಮಾಡೋಣ, ಈಗ ಏನು ಬರೆದುಕೊಳ್ಳಲಿ, ಒಂದು ಹೇಳಿ. ಮೂವತ್ನಾಲ್ಕು. ಸರಿ, ಹಾಗಾದರೆ ಮುಟ್ಟುವುದಿಲ್ಲ, ನಿಮಗೆ ಅವರ ಭಾಷೆ ಬರುತ್ತಲ್ಲ, ನೀವೇ ಹೇಳಿಬಿಡಿ, ಆರು ತಿಂಗಳಲ್ಲಿ ಇದು ಏರುವ ಜಾತಿಯದಲ್ಲ ಅನ್ನುವುದು ನಿಮಗೂ ಗೊತ್ತು, ಸುಮ್ಮನೆ ಆಸೆ ಹುಟ್ಟಿಸಬೇಡಿ. ಫೋನ್ ಇಟ್ಟರು.

ಎದ್ದು ಹೋಗಬೇಕು, ಸ್ವೆಟರ್ ತೆಗೆದು ಹೋಗಬೇಕು, ಹೊರಗೆ ಸೆಕೆ, ಬಾಗಿಲ ಗಾಜಿನಲ್ಲಿ ಅವರಿಬ್ಬರೂ ಕಾಣುತ್ತಾರೆ, ನಾಗವ್ವ ತಾಳಿ ಹಾಕಿಕೊಂಡಿದ್ದಾಳೆ, ಶೆಟ್ಟೆಪ್ಪ ಬಗ್ಗಿ ಅವಳ ಕಾಲುಂಗುರ ತೊಡಿಸಲು ಒದ್ದಾಡುತ್ತಿದ್ದಾನೆ, ಅವಳು ಅವನ ತಲೆಯ ಮೇಲೆ ಏನೋ ಹೇಳಿ ನಗುತ್ತಿದ್ದಾಳೆ, ಉಸಿರು ಸಾಲದೆ ನಗು ನಿಲ್ಲಿಸುತ್ತಾಳೆ, ಹೇಗೆ ಶುರು ಮಾಡುವುದು, ನಾಗವ್ವ, ನಿಮ್ಮ ಹೃದಯದ ಬಲಗಡೆ, ಅಲ್ಲ, ನಾಗವ್ವ, ದೊಡ್ಡ ಡಾಕ್ಟ್ರು ಹೇಳಿದ್ರು, ಅಲ್ಲ, ಅವರು ಹೇಳಿದ್ದಲ್ಲ ನಾನು ಹೇಳಿದ್ದು, ಒಂದು ಹೇಳಿ ಅಂದರು, ನಾನೇ ಒಂದು ಹೇಳಿದೆ, ಮೇಜಿನ ಮೇಲೆ ಅಂಗೈ ಖಾಲಿ ಇರುತ್ತದೆ, ಮದ್ದು ಕೊಟ್ಟು ಮಲಗಿಸಿದ ಮೇಲೆ ಕಣ್ಣು ಮುಚ್ಚಿದರೂ ಏನೂ ಕಾಣುವುದಿಲ್ಲ, ಅಲ್ಲಿ ಬರುವುದು ಮೂವತ್ನಾಲ್ಕೇ, ಸರಿಯಾಗಿಯೇ ಹೇಳಿದ್ದೇನೆ, ಸರಿ, ಕೈ ಬಾಗಿಲ ಹಿಡಿಯ ಮೇಲಿದೆ, ಹಿಂದೆ ಪರದೆಯನ್ನು ನಿಲ್ಲಿಸಿ ಬಂದಿಲ್ಲ, ಅಲ್ಲಿ ಅದು ಅರೆಬರೆ ಕುಗ್ಗುತ್ತಲೇ ಇರುತ್ತದೆ, ಇರಲಿ, ಅದಲ್ಲ ಕಣ್ಣ ಮುಂದೆ ಇರುವುದು, ಮೊದಲ ಸಲದ ಆರನೇ ಪದರ, ಶೆಟ್ಟೆಪ್ಪ ತಲೆ ಎತ್ತಿ ನೋಡುತ್ತಾನೆ, ನಾಗವ್ವ ನೋಡುತ್ತಾಳೆ, ಪಂಕಜಾ ಬಾಯಿ ತೆರೆಯುತ್ತಾಳೆ, ನಾಗವ್ವ — ನಿಧಾನವಾಗಿ ತುಂಬುತ್ತದೆ, ಪೂರ್ತಿ ತುಂಬುವ ತನಕ ಕಾಯುತ್ತದೆ, ಸುತ್ತಲಿನ ಬೂದಿ ಒಟ್ಟಾಗಿ ಒಳಗೆ ಬರುತ್ತದೆ, ಬಿಳಿ ದಾರದಷ್ಟಾಗುತ್ತದೆ, ಮುಚ್ಚುತ್ತದೆ, ಮತ್ತೆ ನಿಧಾನವಾಗಿ, ಮುಚ್ಚುತ್ತದೆ, ಮುಚ್ಚಿತ್ತು.